ನಂದಗಡದ ಆಲದ ನೆಳಲಲ್ಲಿ

ಊರವರು ವಂತಿಗೆ ಹಾಕಿ ನಡೆಸುವ ಚಿಕ್ಕದೊಂದು ಚಿತ್ರೋತ್ಸವಕ್ಕೆ ಸಂಗೊಳ್ಳಿ ರಾಯಣ್ಣನನ್ನು ಕುರಿತು ಕಿರುಚಿತ್ರ ತೆಗೆಯಬೇಕೆಂದು ಬೆಳಗಾವಿಯ ನನ್ನ ವಿದ್ಯಾರ್ಥಿಗಳು ಕೆಲವರು ಒಂದು ಸಂಜೆ ಮನೆಗೆ ಬಂದಿದ್ದರು. ತಮ್ಮಲ್ಲಿ ಕುದುರೆಯಿಲ್ಲ, ಕೋಟೆಯಿಲ್ಲ, ದಂಡಿಲ್ಲ. ವೀರನನ್ನು ತೋರಿಸುವುದೆಂತು ಎಂಬುದೇ ಅವರ ಕಳವಳ. 1961ರಲ್ಲಿ ಬಿ. ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’, 2012ರಲ್ಲಿ ನಾಗಣ್ಣನವರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಆ ವೈಭವವನ್ನೆಲ್ಲ ತೆರೆಗೆ ತಂದಿವೆ. ಆದರೆ ರಾಯಣ್ಣ ಬಾಳಿದ್ದು ವೈಭವದ ಬಾಳೇ ಎಂಬ ಪ್ರಶ್ನೆ ಅಂದು ನನ್ನನ್ನು ಬಹುವಾಗಿ ಕಾಡಿತು.

ರಾಯಣ್ಣ ಅರಸುಮಗನಲ್ಲ. ಹಾಲುಮತದ ಮನೆಯಲ್ಲಿ ಹುಟ್ಟಿ ಸಂಗೊಳ್ಳಿಯಲ್ಲಿ ವಾಲೀಕಾರಿಕೆ ಮಾಡಿಕೊಂಡಿದ್ದವನು. ಊರ ಕಾವಲು ಅವನ ಕಾಯಕ. ಕಿತ್ತೂರ ಸಂಸ್ಥಾನದ ಸೇವೆಗೆಂದು ದೊರೆತ ಮಾನ್ಯದ ಹೊಲವೇ ಆ ಮನೆತನದ ಅನ್ನ, ಅದೇ ಅದರ ಮಾನ. 1824ರಲ್ಲಿ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡಾಗ, ದತ್ತಕನಾದ ಶಿವಲಿಂಗಪ್ಪನನ್ನು ಕಂಪನಿ ಸರಕಾರ ಒಪ್ಪಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಮಡಿದನಾದರೂ ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ಕಣ್ಮುಚ್ಚಿದಳು.

ಕೋಟೆ ಬಿದ್ದ ಮೇಲೆ ಕದನವು ರೈತನ ಹೊಲಕ್ಕೆ ಇಳಿಯಿತು. ಹೊಸ ಸರಕಾರದ ಲೆಕ್ಕದಲ್ಲಿ ಮಾನ್ಯದ ಭೂಮಿಗಳು ಕೈಬಿಟ್ಟುಹೋದವು. ಉಳಿದವುಗಳ ಮೇಲೆ ಕಂದಾಯದ ಹೊರೆ ಬಿದ್ದಿತು. ರಾಯಣ್ಣನ ಹೊಲಕ್ಕೂ ಇದೇ ಗತಿ. ಶಿವಲಿಂಗಪ್ಪನನ್ನು ಪಟ್ಟಕ್ಕೆ ತರಬೇಕೆಂಬ ಹಂಬಲದಿಂದ ಅವನು ಹಳ್ಳಿಹಳ್ಳಿಯ ಜನವನ್ನು ಕೂಡಿಸಿದನು. 1830ರ ಮೊದಲಲ್ಲಿ ಖಾನಾಪುರ ಸೀಮೆಯ ಬೀಡಿಗೆ ನುಗ್ಗಿ ಅಲ್ಲಿಯ ಸರಕಾರಿ ಕಚೇರಿಗೆ ಬೆಂಕಿಯಿಟ್ಟನು. ಒಕ್ಕಲಿಗನ ನೆಲವನ್ನು ಯಾವ ಕಾಗದಗಳು ಕಸಿದುವೋ ಅವು ಇದ್ದ ಮನೆಗೇ ಅವನ ಕಿಚ್ಚು ಮುಟ್ಟಿತೆಂಬುದನ್ನು ನಾವು ಮರೆಯಲಾಗದು. ಸುತ್ತಣ ಕಾಡೇ ಅವನಿಗೆ ಕೋಟೆ, ಹಳ್ಳಿಗರೇ ದಂಡು. ಅಂಥವನನ್ನು ಇದಿರು ನಿಂತು ಹಿಡಿಯುವುದು ಕಂಪನಿಯವರಿಂದ ಆಗಲಿಲ್ಲ. ಏಪ್ರಿಲ್ ತಿಂಗಳಲ್ಲಿ ನಮ್ಮವರೇ ಹಿಡಿದುಕೊಟ್ಟರು. 1831ರ ಜನವರಿ 26ರಂದು ಖಾನಾಪುರ ತಾಲೂಕಿನ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಆಗ ಅವನಿನ್ನೂ ಮೂವತ್ತರ ಹರೆಯದವನು.

ಅವನ ಸಮಾಧಿಯ ಬಳಿಯ ಆಲಕ್ಕೆ ಮಕ್ಕಳ ಹರಕೆ ಹೊತ್ತ ತಾಯಂದಿರು ತೊಟ್ಟಿಲು ಕಟ್ಟುತ್ತ ಬಂದಿದ್ದಾರೆ. ಕಚೇರಿಯ ಕಾಗದದಲ್ಲಿ ಬಂಡುಕೋರನೆನಿಸಿದವನನ್ನು ಲಾವಣಿಕಾರರು ಬಾಯಿಂದ ಬಾಯಿಗೆ ದಾಟಿಸಿದರು. ಹೆಣ್ಣುಮಕ್ಕಳು ಮನೆಯ ಮಗನಾಗಿ ಬೇಡಿದರು.

ಇದನ್ನೆಲ್ಲ ವಿದ್ಯಾರ್ಥಿಗಳಿಗೆ ಹೇಳಿ, ಕುದುರೆಗಾಗಿ ಕೊರಗಬೇಡಿರೆಂದೆ. ಒಂದು ಹೊಲ, ಒಂದು ಲೆಕ್ಕದ ಪುಸ್ತಕ, ಹೆಗಲ ಮೇಲೆ ಕಂಬಳಿ ಹೊತ್ತ ಒಬ್ಬ ವಾಲೀಕಾರ ಇದ್ದರೆ ಅವನ ಕಥೆಗೆ ಸಾಕು; ಅಷ್ಟನ್ನು ಹೊಂದಿಸಲು ಬಡವರ ಚಿತ್ರಕ್ಕೂ ಶಕ್ಯ. ದೊಡ್ಡ ತೆರೆ ಅವನ ಖಡ್ಗವನ್ನು ತೋರಿಸಿದೆ. ಅವನು ಖಡ್ಗ ಹಿಡಿಯುವಂತಾದದ್ದು ಏಕೆಂಬುದನ್ನು ಈ ಮಕ್ಕಳಾದರೂ ತೋರಿಸಲಿ. ಮರುದಿನ ಬೆಳಗಿನ ಬಸ್ಸಿಗೆ ಅವರು ನಂದಗಡಕ್ಕೆ ಹೊರಟರು.