ರಾಲ್ಫ್ ಬ್ಯಾಗ್ನೋಲ್ಡ್

ರಾಲ್ಫ್ ಆಲ್ಜರ್ ಬ್ಯಾಗ್ನೋಲ್ಡ್ (ಏಪ್ರಿಲ್ 3, 1896 – ಮೇ 28, 1990) ಬ್ರಿಟಿಷ್ ಸೇನಾಧಿಕಾರಿ, ಮರುಭೂಮಿ ಅನ್ವೇಷಕ ಹಾಗೂ ವಿಜ್ಞಾನಿ. ಎರಡನೆಯ ಮಹಾಯುದ್ಧದಲ್ಲಿ ಲಿಬಿಯಾದ ಮರಳುಗಾಡಿನಲ್ಲಿ ಕಾರ್ಯಾಚರಣೆ ನಡೆಸಿದ ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ ಎಂಬ ಪಡೆಯ ಸ್ಥಾಪಕರು. ಕಾದಂಬರಿಗಾರ್ತಿ ಎನಿಡ್ ಬ್ಯಾಗ್ನೋಲ್ಡ್ ಇವರ ಅಕ್ಕ.

ಇಂಗ್ಲೆಂಡಿನ ಡೆವನ್‌ಪೋರ್ಟ್‌ನಲ್ಲಿ ಜನಿಸಿದ ಇವರು 1915ರಲ್ಲಿ ರಾಯಲ್ ಇಂಜಿನಿಯರ್ಸ್ ದಳವನ್ನು ಸೇರಿದರು. ಮೊದಲನೆಯ ಮಹಾಯುದ್ಧ ಮುಗಿದ ಬಳಿಕ ಕೇಂಬ್ರಿಡ್ಜಿನಲ್ಲಿ ಇಂಜಿನಿಯರಿಂಗ್ ವ್ಯಾಸಂಗ ಮಾಡಿದರು. ಕೆಲಕಾಲ ಭಾರತದ ವಾಯವ್ಯ ಗಡಿಯಲ್ಲಿಯೂ ಸೇವೆ ಸಲ್ಲಿಸಿದರು. 1920ರ ದಶಕದಲ್ಲಿ ಈಜಿಪ್ಟಿನಲ್ಲಿದ್ದಾಗ ರಜೆಯ ದಿನಗಳಲ್ಲಿ ಗೆಳೆಯರೊಡನೆ ಫೋರ್ಡ್ ಕಾರುಗಳಲ್ಲಿ ಮರಳುಗಾಡನ್ನು ಸುತ್ತುವ ಹವ್ಯಾಸ ಬೆಳೆಯಿತು. ಮುಂದೆ ಯುದ್ಧಕ್ಕೆ ಒದಗಿದ ಉಪಾಯಗಳೆಲ್ಲ ಈ ಸ್ವಂತ ಖರ್ಚಿನ ಪ್ರವಾಸಗಳಲ್ಲಿ ಹುಟ್ಟಿದವು.

ಕಾವಿನ ಸಮಸ್ಯೆ

ಮರಳಿನಲ್ಲಿ ಕೆಳಗಿನ ಗೇರಿನಲ್ಲಿ ಏದುತ್ತ ಸಾಗುವ ವಾಹನದ ಎಂಜಿನ್ ಬೇಗನೆ ಕಾಯುತ್ತದೆ. ರೇಡಿಯೇಟರಿನ ನೀರು ಕುದಿದು ಆವಿಯಾಗಿ ಹೊರಹೋಗುತ್ತದೆ. ನೂರಾರು ಮೈಲಿ ಬಾವಿಯೇ ಇಲ್ಲದ ಕಡೆ ಹೀಗೆ ನಷ್ಟವಾಗುವ ನೀರು ಪ್ರಯಾಣಿಕರ ಕುಡಿಯುವ ನೀರೇ ಆಗಿರುತ್ತದೆ. ಇದಕ್ಕೆ ಬ್ಯಾಗ್ನೋಲ್ಡ್ ಕಂಡುಕೊಂಡ ಪರಿಹಾರ ಬಹು ಸರಳವಾದುದು. ರೇಡಿಯೇಟರಿನಿಂದ ಆವಿ ಹೊರಬೀಳುವ ದಾರಿಯನ್ನು ಮುಚ್ಚಿ, ಒಂದು ಕೊಳವೆಯ ಮೂಲಕ ಆವಿಯನ್ನು ವಾಹನದ ಬದಿಗೆ ಕಟ್ಟಿದ, ಅರ್ಧ ನೀರಿದ್ದ ಡಬ್ಬಕ್ಕೆ ಹಾಯಿಸಿದರು. ಆವಿ ಅಲ್ಲಿ ತಣಿದು ನೀರಾಗುತ್ತಿತ್ತು. ಡಬ್ಬದ ನೀರೂ ಕುದಿಯತೊಡಗಿದರೆ ಚಾಲಕನು ವಾಹನವನ್ನು ಗಾಳಿಗೆ ಎದುರಾಗಿ ತಿರುಗಿಸಿ ನಿಲ್ಲಿಸುತ್ತಿದ್ದನು. ಎಂಜಿನ್ ತಣಿದಂತೆ ಒಳಗೆ ಉಂಟಾದ ನಿರ್ವಾತವು ಡಬ್ಬದ ನೀರನ್ನೆಲ್ಲ ಮತ್ತೆ ರೇಡಿಯೇಟರಿಗೆ ಸೆಳೆದುಕೊಳ್ಳುತ್ತಿತ್ತು.

ಯುದ್ಧಕಾಲ

1935ರಲ್ಲಿ ನಿವೃತ್ತರಾದ ಇವರನ್ನು 1939ರಲ್ಲಿ ಪುನಃ ಕರೆಸಿಕೊಳ್ಳಲಾಯಿತು. ಇವರು ಪ್ರಯಾಣಿಸುತ್ತಿದ್ದ ಹಡಗು ಮೆಡಿಟರೇನಿಯನ್ ಸಮುದ್ರದಲ್ಲಿ ಅಪಘಾತಕ್ಕೀಡಾದ ಕಾರಣ ಈಜಿಪ್ಟಿನಲ್ಲಿ ಇಳಿಯಬೇಕಾಗಿ ಬಂದಿತು. ಆಕಸ್ಮಿಕವೇ ಇವರನ್ನು ಸರಿಯಾದ ಸ್ಥಳಕ್ಕೆ ತಲುಪಿಸಿತೆನ್ನಬೇಕು. ಮುಂದೆ ಭಾರತದ ವೈಸರಾಯ್ ಆದ ಜನರಲ್ ವೇವೆಲ್ 1940ರ ಬೇಸಗೆಯಲ್ಲಿ ಪಡೆ ಕಟ್ಟಲು ನೀಡಿದ ಅವಧಿ ಆರು ವಾರಗಳು ಮಾತ್ರ. ಷೆವರ್ಲೆ ಲಾರಿಗಳ ಬಾಗಿಲು, ಮುಂಗಾಜುಗಳನ್ನು ಕಳಚಿ, ಆವಿ ಹಿಡಿಯುವ ಡಬ್ಬ ಮತ್ತು ಸೂರ್ಯ ದಿಕ್ಸೂಚಿಗಳನ್ನು ಅಳವಡಿಸಲಾಯಿತು. ಲಾರಿಯ ಕಬ್ಬಿಣವು ಕಾಂತದ ಮುಳ್ಳನ್ನು ದಾರಿ ತಪ್ಪಿಸುತ್ತಿದ್ದುದರಿಂದ ನೆರಳನ್ನು ನೋಡಿ ದಿಕ್ಕು ತಿಳಿಯುವ ಈ ಸಾಧನ ಅನಿವಾರ್ಯವಾಗಿತ್ತು. ಮೊದಲ ಸೈನಿಕರಲ್ಲಿ ಹೆಚ್ಚಿನವರು ನ್ಯೂಜಿಲೆಂಡಿನವರು.

ಇಂಧನದ ತೊಂದರೆ ಮಾತ್ರ ಸುಲಭವಾಗಿ ಬಗೆಹರಿಯಲಿಲ್ಲ. ಬ್ರಿಟಿಷ್ ಸೇನೆಯ 4 ಗ್ಯಾಲನ್‌ನ ತೆಳು ತಗಡಿನ ಡಬ್ಬಗಳು ಕುಲುಕಾಟಕ್ಕೆ ಬೆಸುಗೆ ಬಿಟ್ಟು ಪೆಟ್ರೋಲು ಸೋರಿ ಆವಿಯಾಗುತ್ತಿತ್ತು. ಜರ್ಮನ್ನರ ಗಟ್ಟಿ ಜೆರ್ರಿಕ್ಯಾನುಗಳು ಬಳಕೆಗೆ ಬಂದ ಮೇಲೆಯೇ ಈ ನಷ್ಟ ತಗ್ಗಿತು.

1941ರ ಆಗಸ್ಟಿನಲ್ಲಿ ಬ್ಯಾಗ್ನೋಲ್ಡ್ ನಾಯಕತ್ವವನ್ನು ಗೈ ಪ್ರೆಂಡರ್‌ಗಾಸ್ಟ್ ಅವರಿಗೆ ವಹಿಸಿದರು. ಗಾಳಿಯಿಂದ ಮರಳು ಚಲಿಸುವ ಬಗೆಯನ್ನು ಕುರಿತ ಇವರ ಗ್ರಂಥ ಅದೇ ವರ್ಷ ಪ್ರಕಟವಾಯಿತು. 1944ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. ಮಂಗಳ ಗ್ರಹದ ಗೇಲ್ ಕುಳಿಯಲ್ಲಿರುವ ಮರಳುದಿಬ್ಬಗಳಿಗೆ ಇವರ ಹೆಸರನ್ನಿಡಲಾಗಿದೆ.