ಹೋಬಳಿ ಶಾಲೆಗಳ ಬಿ. ಎಲ್. ರೈಸ್ ಮಹಾಶಯರು

ಮೈಸೂರು ಸೀಮೆಯಲ್ಲಿ ಅಕ್ಷರವಿದ್ಯೆಯ ಚರಿತ್ರೆಯನ್ನು ಬರೆಯಹೊರಟವರು ಎರಡು ಬಗೆಯ ಮಹನೀಯರನ್ನು ನೆನೆಯಬೇಕಾಗುತ್ತದೆ. ಜಗಲಿಯ ಮೇಲೆ ಮರಳು ಹರಡಿ, ಮಕ್ಕಳ ಬೆರಳು ಹಿಡಿದು ತಿದ್ದಿಸಿದ ಕೂಲಿಮಠದ ಐಗಳು ಮೊದಲಿನವರು. ಆ ಐಗಳ ವಿದ್ಯೆಯನ್ನು ಸರ್ಕಾರದ ಶಾಲೆಯೊಳಕ್ಕೆ ತಂದ ಅಧಿಕಾರಿಗಳು ಅನಂತರದವರು. ಐಗಳ ಹೆಸರುಗಳು ಬಹುಮಟ್ಟಿಗೆ ಅಳಿದುಹೋಗಿವೆ. ಅಧಿಕಾರಿಗಳಲ್ಲಿ ಬೆಂಜಮಿನ್ ಲೂಯಿ ರೈಸ್ ಮಹಾಶಯರ ಹೆಸರು ಶಾಸನಗಳ ದೆಸೆಯಿಂದ ಉಳಿದಿದೆ; ಶಾಲೆಗಳ ದೆಸೆಯಿಂದ ಅಷ್ಟಾಗಿ ಉಳಿದಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಪ್ರಾಂತದ ಭಕ್ತವೃಂದಕ್ಕೆ ಎರಡು ಕಡೆಯಿಂದಲೂ ಅವರ ಋಣವುಂಟಾದ ಕಾರಣ, ಅವರ ಜೀವಿತವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಇವರು ೧೮೩೭ನೆಯ ಇಸವಿ ಜುಲೈ ೧೭ರಂದು ಬೆಂಗಳೂರಿನಲ್ಲಿಯೇ ಜನಿಸಿದರು. ತಂದೆ ಬೆಂಜಮಿನ್ ಹೋಲ್ಟ್ ರೈಸ್ ಲಂಡನ್ ಮಿಷನ್ನಿನ ಪಾದ್ರಿಗಳು. ಬಂದ ಕೆಲವೇ ಕಾಲದಲ್ಲಿ ಕನ್ನಡವನ್ನು ಕಲಿತು ಅದರಲ್ಲಿಯೇ ಮಾತನಾಡಿದವರು. ಪೇಟೆಯ ಹೆಣ್ಣುಮಕ್ಕಳಿಗೆ ಕನ್ನಡ ಶಾಲೆ ತೆರೆದವರಲ್ಲಿ ತಾಯಿಯವರೂ ಒಬ್ಬರು. ಹೀಗಾಗಿ ಈ ಬಾಲಕನಿಗೆ ಮನೆಯೊಳಗೆ ಇಂಗ್ಲೀಷು, ಬಾಗಿಲಾಚೆಗೆ ಕನ್ನಡ. ಪರಭಾಷೆಯೊಂದನ್ನು ಎಳೆಯ ವಯಸ್ಸಿನಲ್ಲಿ ಕಿವಿಯಿಂದ ಕೇಳಿ ಪಡೆದುದು ಮುಂದೆ ಎಷ್ಟು ದೂರ ನಡೆದೀತೆಂಬುದಕ್ಕೆ ಇವರ ಬಾಳೇ ಸಾಕ್ಷಿ. ವಿದ್ಯಾಭ್ಯಾಸವೆಲ್ಲ ಇಂಗ್ಲೆಂಡಿನಲ್ಲಿ ಆಯಿತು. ೧೮೬೦ರಲ್ಲಿ ಹಿಂದಿರುಗಿ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ಆ ಶಾಲೆಯೇ ತರುವಾಯ ಸೆಂಟ್ರಲ್ ಕಾಲೇಜು. ೧೮೬೫ರಲ್ಲಿ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರಾಗಿ ನೇಮಕಗೊಂಡರು.

ಆ ಹುದ್ದೆಯೆಂದರೆ ಊರೂರು ಸುತ್ತುವ ಕೆಲಸ. ಮದ್ದೂರು ಮಂಡ್ಯಗಳ ಮೇಲೆ ಹೋಗುವ ರೈಲುದಾರಿ ೧೮೮೦ರ ದಶಕದ್ದು; ಅದಕ್ಕೆ ಮೊದಲು ಕುದುರೆ, ಎತ್ತಿನ ಗಾಡಿಗಳೇ ಗತಿ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವುದಕ್ಕೆ ಇನ್ನೂ ಆರು ದಶಕಗಳಿದ್ದುವು. ಕೆರೆಕಾಲುವೆಯ ಕೆಳಗಿನ ಗದ್ದೆಗಳನ್ನು ಬಿಟ್ಟರೆ ಮಿಕ್ಕುದೆಲ್ಲ ರಾಗಿಯ ಹೊಲ. ಅಂತಹ ಊರುಗಳಲ್ಲಿ ಅವರು ಕಂಡದ್ದು ಕೂಲಿಮಠಗಳನ್ನು. ದೇವಸ್ಥಾನದ ಕೈಸಾಲೆಯಲ್ಲೋ, ಗೌಡರ ಜಗಲಿಯಲ್ಲೋ ಹತ್ತಿಪ್ಪತ್ತು ಮಂದಿ ಹುಡುಗರು ಕುಳಿತಿರುವರು. ಮೊದಲು ಮರಳಿನಲ್ಲಿ ಬೆರಳಿನಿಂದ ಅಕ್ಷರ. ಕೈ ಕುದುರಿದ ಮೇಲೆ ಮಸಿ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರಹ. ಸಂಜೆ ಎಲ್ಲರೂ ಸಾಲಾಗಿ ನಿಂತು ಮಗ್ಗಿಯನ್ನು ಒಕ್ಕೊರಲಿನಿಂದ ಹೇಳುವರು. ಕಾಲು, ಅರೆ, ಮುಕ್ಕಾಲುಗಳ ಲೆಕ್ಕ ಬಾಯಲ್ಲಿಯೇ ತೀರುವುದು. ಅಮರವೋ ಜೈಮಿನಿ ಭಾರತವೋ ಅರ್ಥವಾಗದಿದ್ದರೂ ಕಂಠಪಾಠವಾಗಿರುವುದು. ಐಗಳಿಗೆ ಕೂಲಿಯಾಗಿ ಸಲ್ಲುತ್ತಿದ್ದುದು ಒಂದಿಷ್ಟು ಧಾನ್ಯ, ಹಬ್ಬದ ಕಾಣಿಕೆ. ಈ ಐಗಳಲ್ಲಿ ಜಂಗಮ ಮೂರ್ತಿಗಳೂ ಅನೇಕರಿದ್ದರೆಂಬುದನ್ನು ಈ ಸಂಚಿಕೆಯ ವಾಚಕರಿಗೆ ಹೇಳಬೇಕಾದುದಿಲ್ಲ.

ಅಂದಿನ ಸರ್ಕಾರದ ಮುಂದೆ ಎರಡು ದಾರಿಗಳಿದ್ದುವು. ಪಟ್ಟಣಗಳಲ್ಲಿ ಇಂಗ್ಲೀಷು ಶಾಲೆಗಳನ್ನು ಹೆಚ್ಚಿಸಿ ಕಚೇರಿಗೆ ಬೇಕಾದ ಗುಮಾಸ್ತರನ್ನು ಪಡೆಯುವುದು ಸುಲಭದ ದಾರಿ. ರೈತನ ಮಗನಿಗೆ ಅವನ ಮಾತಿನಲ್ಲಿಯೇ ಓದುಬರಹ ಕಲಿಸುವುದು ಕಷ್ಟದ ದಾರಿ. ೧೮೬೮ರಲ್ಲಿ ಡೈರೆಕ್ಟರಾಗಿದ್ದ ಗ್ಯಾರೆಟ್ ಸಾಹೇಬರು ರಜೆಯ ಮೇಲೆ ಹೋದಾಗ ರೈಸರು ಅವರ ಸ್ಥಾನದಲ್ಲಿ ಕೆಲಸ ನೋಡಿದರು. ಅದೇ ವರ್ಷ ಅವರು ರೂಪಿಸಿದುದೇ ಹೋಬಳಿ ಶಾಲೆಗಳ ಯೋಜನೆ. ಹೋಬಳಿಗೊಂದು ಕನ್ನಡ ಶಾಲೆ. ಶಾಲೆಗೆ ಮನೆಯನ್ನು ಊರವರು ಒದಗಿಸತಕ್ಕದ್ದು. ಉಪಾಧ್ಯಾಯರನ್ನು ಸಾಧ್ಯವಾದಮಟ್ಟಿಗೆ ಕೂಲಿಮಠದ ಐಗಳಿಂದಲೇ ಆರಿಸಿ, ನಾರ್ಮಲ್ ಶಾಲೆಯಲ್ಲಿ ಶಿಕ್ಷಣ ಕೊಟ್ಟು ಹಿಂದಕ್ಕೆ ಕಳುಹಿಸತಕ್ಕದ್ದು. ಈ ಕೊನೆಯ ಅಂಶದಲ್ಲಿಯೇ ರೈಸರ ವಿವೇಕ ಕಾಣುತ್ತದೆಂದು ನಮ್ಮ ಅಭಿಪ್ರಾಯ. ಐಗಳನ್ನು ಓಡಿಸಿ ಹೊಸಬರನ್ನು ಕೂರಿಸಿದ್ದರೆ ಊರಿನ ನಂಬಿಕೆ ಅವರೊಡನೆಯೇ ಹೊರಟುಹೋಗುತ್ತಿತ್ತು. ಭೂಗೋಳ, ಅಂಕಗಣಿತ, ಅಚ್ಚಿನ ಪುಸ್ತಕ ಇವೆಲ್ಲ ಪರಿಚಿತ ಮುಖದ ಮೂಲಕ ಬಂದುದರಿಂದ, ಕಾವೇರಿಯಾಚೆಯನ್ನು ಕಾಣದ ಹುಡುಗನೂ ಕನ್ನಡದ ಮಾತಿನಲ್ಲಿಯೇ ಖಂಡಗಳ ಹೆಸರನ್ನು ಕಲಿಯುವಂತಾಯಿತು.

ಇಷ್ಟರಿಂದ ಎಲ್ಲವೂ ಸರಿಹೋಯಿತೆಂದು ಹೇಳುವುದು ಸತ್ಯಕ್ಕೆ ದೂರವಾದೀತು. ಕೊಯ್ಲಿನ ಕಾಲದಲ್ಲಿ ಮಕ್ಕಳು ಹೊಲದಲ್ಲಿರುತ್ತಿದ್ದರು. ಹೆಣ್ಣುಮಕ್ಕಳಿಗೂ ಅಸ್ಪೃಶ್ಯರೆನಿಸಿದವರ ಮಕ್ಕಳಿಗೂ ಆ ಬಾಗಿಲು ಬಹುಕಾಲ ಅರೆತೆರೆದೇ ಇತ್ತು. ಸಂಸ್ಥಾನದಲ್ಲಿ ಕಡ್ಡಾಯ ಪ್ರಾಥಮಿಕ ವಿದ್ಯಾಭ್ಯಾಸದ ಕಾನೂನು ಬಂದುದು ೧೯೧೩ರಲ್ಲಿ. ಆಗಲೂ ಅದು ಕೆಲವೇ ಸ್ಥಳಗಳಿಗೆ ಅನ್ವಯಿಸಿತು. ಆದರೂ ಅಡಿಗಲ್ಲು ಬಿದ್ದಿತ್ತು. ೧೮೮೨ರಲ್ಲಿ ಇಂಡಿಯಾ ಸರ್ಕಾರವು ಹಂಟರ್ ಸಾಹೇಬರ ಅಧ್ಯಕ್ಷತೆಯಲ್ಲಿ ವಿದ್ಯಾಭ್ಯಾಸದ ಆಯೋಗವನ್ನು ನಿಯಮಿಸಿದಾಗ ರೈಸರನ್ನೇ ಅದರ ಕಾರ್ಯದರ್ಶಿಯನ್ನಾಗಿ ಮಾಡಿದರು. ದೇಶಭಾಷೆಗಳಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಆ ಆಯೋಗ ಕೊಟ್ಟ ಪ್ರಾಧಾನ್ಯವು ಸುಪ್ರಸಿದ್ಧವಾದುದು.

ಇನ್ನು ಶಾಸನಗಳ ವಿಷಯ. ಮೇಜರ್ ಡಿಕ್ಸನ್ ಎಂಬವರು ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳನ್ನು ಭಾಷಾಂತರಿಸುವ ಹೊಣೆ ೧೮೭೩ರಲ್ಲಿ ರೈಸರ ಪಾಲಿಗೆ ಬಂದಿತು. ಅದರ ಫಲವಾಗಿ ೧೮೭೯ರಲ್ಲಿ ಮೈಸೂರಿನ ಶಾಸನಗಳ ಗ್ರಂಥವೊಂದು ಹೊರಬಿದ್ದಿತು. ಮುಂದೆ ವಿದ್ಯಾ ಇಲಾಖೆಯ ಭಾರ ಕಳೆದು ಪ್ರಾಚ್ಯ ಸಂಶೋಧನೆಯೇ ಅವರ ಉದ್ಯೋಗವಾಯಿತು. ಹನ್ನೆರಡು ಸಂಪುಟಗಳ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳು ಬೆಳಕು ಕಂಡುವು. ೧೮೯೪ರಲ್ಲಿ ಪ್ರಕಟವಾದ ಮೂರನೆಯ ಸಂಪುಟದಲ್ಲಿ ಮಂಡ್ಯ, ಮಳವಳ್ಳಿ ತಾಲ್ಲೂಕುಗಳು ಸೇರಿವೆ. ಈಗ ಮದ್ದೂರು ತಾಲ್ಲೂಕಿಗೆ ಸೇರಿದ ಆತಕೂರಿನ ಕಲ್ಲು ಅದರಲ್ಲಿ ಮಂಡ್ಯದ ಹೆಸರಿನಡಿ ಬಂದಿದೆ.

ಆ ಕಲ್ಲಿನ ಕಥೆ ಸೊಗಸಾದುದು. ಶಕ ೮೭೨ರ, ಎಂದರೆ ಕ್ರಿ. ಶ. ೯೪೯-೫೦ರ ಆ ಹಳಗನ್ನಡ ಬರಹವು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಮಡಿದುದನ್ನು ತಿಳಿಸುತ್ತದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನು ಗೆದ್ದ ಯುದ್ಧವದು. ಗಂಗ ಬೂತುಗನ ಸೇವಕನಾದ ಮಣಲೇರನು ತನ್ನ ಪರಾಕ್ರಮಕ್ಕೆ ಬಹುಮಾನವಾಗಿ ಬೇಡಿದುದು ಕಾಳಿಯೆಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯೊಡನೆ ತಾನೂ ಸತ್ತಿತು. ಅದರ ನೆನಪಿಗೆ ದೇವಾಲಯದೆದುರು ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲನ್ನು ಮುಂದೆ ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಒಯ್ಯಲಾಯಿತು.

ರೈಸರು ಪ್ರತಿಯೊಂದು ಶಾಸನವನ್ನೂ ಮೂರು ಬಗೆಯಲ್ಲಿ ಅಚ್ಚು ಹಾಕಿಸಿದರು: ಕನ್ನಡ ಲಿಪಿಯಲ್ಲಿ ಮೂಲ, ರೋಮನ್ ಲಿಪಿಯಲ್ಲಿ ಅದರ ಉಚ್ಚಾರ, ಇಂಗ್ಲೀಷಿನಲ್ಲಿ ಅನುವಾದ. ಇದರಿಂದ ಆತಕೂರಿನ ನಾಯಿಯ ಸುದ್ದಿಯನ್ನು ಜರ್ಮನಿಯ ವಿದ್ವಾಂಸನೂ ಓದುವಂತಾಯಿತು. ಕನ್ನಡವೊಂದನ್ನೇ ಬಲ್ಲ ಹೋಬಳಿ ಶಾಲೆಯ ಮೇಷ್ಟರಿಗೂ ಅದೇ ಪುಟ ತೆರೆದಿತ್ತು. ಈ ಪ್ರಾಂತದ ಕಲ್ಲುಗಳು ಒಂದೇ ಭಾಷೆಯವಲ್ಲ. ಚೋಳರ ಕಾಲದ ತಮಿಳು, ದಾನಶಾಸನಗಳ ಸಂಸ್ಕೃತ, ನೆರೆಯ ಶ್ರೀರಂಗಪಟ್ಟಣದ ಗುಂಬಜಿನ ಪಾರ್ಸಿ, ಎಲ್ಲವೂ ಇಲ್ಲಿವೆ. ಇವನ್ನು ಓದಲು ಪಂಡಿತರ ನೆರವನ್ನು ಅವರು ಧಾರಾಳವಾಗಿ ಪಡೆದರು. ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ಯರು ಅವರ ತರುವಾಯ ಅದೇ ಇಲಾಖೆಯ ಮುಖ್ಯಸ್ಥರಾದರು. ನಾಗವರ್ಮನ ಭಾಷಾಭೂಷಣ, ಭಟ್ಟಾಕಳಂಕನ ಶಬ್ದಾನುಶಾಸನಗಳನ್ನು ಶೋಧಿಸಿ ಅಚ್ಚಿಗೆ ತಂದವರೂ ರೈಸರೇ. ಸೋದರರಾದ ಇ. ಪಿ. ರೈಸರು ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲೀಷಿನಲ್ಲಿ ಬರೆದು, ವೀರಶೈವ ಸಾಹಿತ್ಯಕ್ಕೆ ಅದರಲ್ಲಿ ತಕ್ಕ ಸ್ಥಾನವನ್ನು ಕೊಟ್ಟರು.

೧೯೦೬ರಲ್ಲಿ ನಿವೃತ್ತರಾಗಿ ರೈಸರು ಇಂಗ್ಲೆಂಡಿಗೆ ತೆರಳಿದರು. ಅಲ್ಲಿಯೂ ಕೈ ಕಟ್ಟಿ ಕೂರಲಿಲ್ಲ. ಶಾಸನಗಳಿಂದ ತಿಳಿಯುವ ಮೈಸೂರು ಕೊಡಗುಗಳ ಚರಿತ್ರೆಯನ್ನು ೧೯೦೯ರಲ್ಲಿ ಪ್ರಕಟಿಸಿದರು. ೧೯೨೭ನೆಯ ಇಸವಿ ಜುಲೈ ೧೦ರಂದು ಹ್ಯಾರೋ ಎಂಬಲ್ಲಿ ಕಾಲವಾದರು. ತೊಂಬತ್ತು ವರ್ಷ ತುಂಬಲು ಆಗ ಒಂದು ವಾರ ಉಳಿದಿತ್ತು.