ಅಂಡಾಣುವಿನ ಗುಟ್ಟು ಹುಡುಕಿದ ಡಾ. ಎಂ. ಸಿ. ಚಾಂಗ್

ನಮ್ಮ ಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಪರಿಚಯ ಬರೆದುಕೊಡಬೇಕೆಂದು ಗುರುಗಳು ಫೋನ್ ಮಾಡಿ ಹೇಳಿದರು. ಸರ್ ಎಂ. ವಿಶ್ವೇಶ್ವರಯ್ಯ, ಅಬ್ದುಲ್ ಕಲಾಂ ಅವರಂಥವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ಇದ್ದಾರೆ. ನಾನು ಆರಿಸಿಕೊಂಡದ್ದು ವಿಜ್ಞಾನ ಲೋಕಕ್ಕೆಲ್ಲ ಗೊತ್ತಿರುವ, ನಮ್ಮ ಪಠ್ಯಪುಸ್ತಕದಲ್ಲಿ ಮಾತ್ರ ಕಾಣದ ಒಬ್ಬರನ್ನು. ಅವರೇ ಚೀನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಡಾ. ಮಿನ್ ಚೂಹ್ ಚಾಂಗ್.

ಇವರನ್ನೇ ಆರಿಸಲು ಕಾರಣ ಇದೆ. ನಮ್ಮದು ಕುರಿ ಸಾಕುವ ಮನೆ. ನಾನು ಎಂಟನೆಯ ತರಗತಿಯಲ್ಲಿದ್ದಾಗ ಸರಿಯಾಗಿ ಮಳೆ ಆಗಲಿಲ್ಲ. ಆ ವರ್ಷ ಹಿಂಡಿಗೆ ಟಗರು ಬಿಟ್ಟರೂ ಬಹಳ ಕುರಿಗಳು ಗಬ್ಬ ಆಗಲಿಲ್ಲ. ನಮ್ಮ ಮುತ್ಯಾ ಟಗರಿನದೇ ತಪ್ಪು ಎಂದು ಅದನ್ನು ಸಂತೆಗೆ ಹೊಡೆದು ಬೇರೆ ಟಗರು ತಂದರು. ಫಲ ಮಾತ್ರ ಅಷ್ಟಕ್ಕಷ್ಟೇ. ಮರಿ ಇಲ್ಲದ ವರ್ಷ ನಮ್ಮಂಥ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಈ ಭಾಗದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಮೈಲಾಪುರ ಜಾತ್ರೆಗೆ ಹೋಗಲಿಕ್ಕೂ ಸಾಲ ಮಾಡಬೇಕಾಯಿತು. ಮುಂದೆ ನನ್ನ ಬಿ.ಇ. ಫೀಸಿಗೆ ಅಪ್ಪ ಮಾರಿದ್ದೂ ಅದೇ ಹಿಂಡಿನ ಕುರಿಗಳನ್ನೇ. ಹಾಗಾಗಿ ಕುರಿ ಏಕೆ ಗಬ್ಬ ಆಗಲಿಲ್ಲ ಎಂಬ ಪ್ರಶ್ನೆ ನನ್ನ ತಲೆಯಿಂದ ಹೋಗಲೇ ಇಲ್ಲ. ಅದಕ್ಕೆ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕವರು ಚಾಂಗ್.

ಚಾಂಗ್ ಹುಟ್ಟಿದ್ದು 1908ರ ಅಕ್ಟೋಬರ್ 10ರಂದು, ಚೀನಾದ ಶಾನ್ಸಿ ಪ್ರಾಂತ್ಯದ ಒಂದು ಹಳ್ಳಿಯಲ್ಲಿ. ಹಳ್ಳಿಯ ಹುಡುಗ ಓದಿನ ಬಲದಿಂದ ಬೀಜಿಂಗ್‌ನ ಹೆಸರಾಂತ ಸಿಂಗ್‌ಹ್ವಾ ವಿಶ್ವವಿದ್ಯಾಲಯ ಸೇರಿ, 1933ರಲ್ಲಿ ಪ್ರಾಣಿಗಳ ಮನೋವಿಜ್ಞಾನದಲ್ಲಿ ಪದವಿ ಪಡೆದರು. 1937ರಲ್ಲಿ ಜಪಾನ್ ಚೀನಾದ ಮೇಲೆ ಯುದ್ಧ ಹೂಡಿತು. ಮರುವರ್ಷ, ವಿದೇಶದಲ್ಲಿ ಓದಲು ಸರ್ಕಾರ ನಡೆಸಿದ ಸ್ಪರ್ಧಾ ಪರೀಕ್ಷೆಯಲ್ಲಿ ಚಾಂಗ್ ಗೆದ್ದರು. ಕೃಷಿ ವಿಜ್ಞಾನ ಓದಲು ಬ್ರಿಟನ್‌ನ ಎಡಿನ್‌ಬರೋ ನಗರಕ್ಕೆ ಹೋದರು. ಅಲ್ಲಿನ ಚಳಿಯೂ ಜನರ ರೀತಿಯೂ ಅವರಿಗೆ ಒಗ್ಗಲಿಲ್ಲ. ಒಂದು ವರ್ಷದ ನಂತರ ಕೇಂಬ್ರಿಜ್‌ನಿಂದ ಆರ್ಥರ್ ವಾಲ್ಟನ್ ಎಂಬ ವಿಜ್ಞಾನಿ ಕರೆದಾಗ ಅಲ್ಲಿಗೆ ಹೊರಟರು.

ಕೇಂಬ್ರಿಜ್‌ನಲ್ಲಿ ಅವರು ಕೈಗೆತ್ತಿಕೊಂಡದ್ದು ನಮ್ಮ ಮುತ್ಯಾನ ಸಂಶಯವನ್ನೇ ಎನ್ನಬಹುದು. ಅವರ ಸಂಶೋಧನೆ ಟಗರಿನ ವೀರ್ಯಾಣುಗಳ ಮೇಲೆ. ಶಾಖ, ತಂಪು, ಹಾರ್ಮೋನು ಇವುಗಳಿಂದ ವೀರ್ಯಾಣುವಿನ ಶಕ್ತಿ ಹೇಗೆ ಏರುಪೇರಾಗುತ್ತದೆ ಎಂದು ಪರೀಕ್ಷಿಸಿ 1941ರಲ್ಲಿ ಡಾಕ್ಟರೇಟ್ ಪಡೆದರು. ಹೆಚ್ಚುಕಡಿಮೆ ಅದೇ ಕಾಲಕ್ಕೆ, 1939ರಲ್ಲಿ, ನಮ್ಮ ಮೈಸೂರಿನ ಅರಮನೆ ಡೇರಿ ಫಾರ್ಮಿನಲ್ಲಿ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಹೋರಿಯ ವೀರ್ಯ ಬಳಸಿ ಕೃತಕ ಗರ್ಭಧಾರಣೆ ಮಾಡಿದರು. ಭಾರತದಲ್ಲಿ ಇದೇ ಮೊದಲು. ಇಂದು ನಮ್ಮೂರಿನ ಪಶು ಆಸ್ಪತ್ರೆಯಲ್ಲಿ ಎಮ್ಮೆ, ಆಕಳಿಗೆ ಕೊಡಿಸುವ ಇಂಜೆಕ್ಷನ್ನಿನ ಕಥೆ ಅಲ್ಲಿಂದ ಶುರುವಾಗುತ್ತದೆ.

1945ರಲ್ಲಿ ಚಾಂಗ್ ಅಮೆರಿಕಕ್ಕೆ ಹೋದರು. ಮ್ಯಾಸಚೂಸೆಟ್ಸ್ ರಾಜ್ಯದ ಶ್ರೂಸ್‌ಬರಿಯಲ್ಲಿ ಗ್ರೆಗರಿ ಪಿಂಕಸ್ ಮತ್ತು ಹಡ್ಸನ್ ಹೋಗ್ಲಂಡ್ ಎಂಬಿಬ್ಬರು ಹಿಂದಿನ ವರ್ಷವಷ್ಟೇ ವೂಸ್ಟರ್ ಪ್ರತಿಷ್ಠಾನ ಎಂಬ ಸಂಶೋಧನಾ ಸಂಸ್ಥೆ ಕಟ್ಟಿದ್ದರು. ಒಂದು ವರ್ಷ ಇದ್ದು, ದೇಹದ ಹೊರಗೆ ಅಂಡಾಣು ಫಲಿಸುವ ವಿದ್ಯೆ ಕಲಿತು ಮರಳುವುದು ಚಾಂಗ್ ಅವರ ಯೋಚನೆ. ಅವರು ಅಲ್ಲಿಯೇ ಬಾಳೆಲ್ಲ ಕಳೆದರು. ಸಂಸ್ಥೆಯ ಹತ್ತಿರ ಹಣವಿರಲಿಲ್ಲ. ನಿರ್ದೇಶಕರಾದ ಹೋಗ್ಲಂಡ್ ತಾವೇ ಅಂಗಳದ ಹುಲ್ಲು ಕತ್ತರಿಸುತ್ತಿದ್ದರು. ಕೇಂಬ್ರಿಜ್‌ನ ಡಾಕ್ಟರೇಟ್ ಪಡೆದ ಚಾಂಗ್ ಹಗಲು ಮೊಲಗಳ ಮೇಲೆ ಪ್ರಯೋಗ ಮಾಡಿ ರಾತ್ರಿ ಅದೇ ಕಟ್ಟಡಕ್ಕೆ ಕಾವಲುಗಾರರಾಗಿ ಇರುತ್ತಿದ್ದರು. 1948ರಲ್ಲಿ ಇಸಬೆಲ್ ಚಿನ್ ಅವರನ್ನು ಮದುವೆಯಾದರು. ದಂಪತಿಗೆ ಮೂವರು ಮಕ್ಕಳು.

ಅವರನ್ನು ಅಲ್ಲಿಗೆ ಎಳೆದದ್ದು ಪಿಂಕಸ್ ಅವರ ಹಳೆಯ ಕೆಲಸ. ಹೆಣ್ಣು ಪ್ರಾಣಿಯ ಅಂಡಾಶಯದಲ್ಲಿರುವ ಅಂಡಾಣುಗಳು ಎಳೆ ಕಾಯಿ ಇದ್ದಂತೆ. ಅವು ಮಾಗಿದ ಮೇಲೆಯೇ ಫಲಿಸುತ್ತವೆ. 1935ರಲ್ಲಿ ಪಿಂಕಸ್ ಮತ್ತು ಎನ್ಜ್‌ಮನ್ ಮೊಲದ ಎಳೆ ಅಂಡಾಣುವನ್ನು ಅದರ ಕೋಶಿಕೆಯಿಂದ ಬಿಡಿಸಿ ಹೊರಗಿಟ್ಟರೆ ಅದು ತಾನಾಗಿಯೇ ಮಾಗಲು ತೊಡಗುತ್ತದೆ ಎಂದು ತೋರಿಸಿದ್ದರು. ಹೊರಗೆ ಅಂಡಾಣು ಫಲಿಸಿದ್ದನ್ನೂ ಕಂಡೆವೆಂದು ಪಿಂಕಸ್ ಪ್ರಕಟಿಸಿದ್ದರು. ಅದಕ್ಕಾಗಿ ಪತ್ರಿಕೆಗಳ ಟೀಕೆಗೆ ಗುರಿಯಾಗಿ ಹಾರ್ವರ್ಡ್ ಬಿಡಬೇಕಾಯಿತು. ಆದರೆ ಚಾಂಗ್ ಎಷ್ಟು ಸಲ ಮಾಡಿದರೂ ಗಾಜಿನ ಬಟ್ಟಲಿನಲ್ಲಿ ಅಂಡಾಣು ಫಲಿಸಲಿಲ್ಲ. ಅಂಡಾಣು ಚೆನ್ನಾಗಿತ್ತು. ವೀರ್ಯಾಣು ಚುರುಕಾಗಿ ಓಡಾಡುತ್ತಿತ್ತು. ಎರಡೂ ಕೂಡುತ್ತಿರಲಿಲ್ಲ. ವರ್ಷಗಳೇ ಹೋದವು.

ನಮ್ಮ ಕೆಲಸದಲ್ಲೂ ಹೀಗೇ ಆಗುವುದುಂಟು. ಪ್ರೋಗ್ರಾಂ ಸರಿ ಇರುತ್ತದೆ, ಕಂಪ್ಯೂಟರ್ ಸರಿ ಇರುತ್ತದೆ, ಆದರೂ ಓಡುವುದಿಲ್ಲ. ಆಗ ಎರಡರ ಮಧ್ಯೆ ಏನು ತಪ್ಪಿದೆ ಎಂದು ನೋಡಬೇಕು. ಚಾಂಗ್ ಮಾಡಿದ್ದೂ ಅದನ್ನೇ. ಹೆಣ್ಣು ಮೊಲದ ಅಂಡನಾಳಕ್ಕೆ ಬೇರೆ ಬೇರೆ ಹೊತ್ತಿಗೆ ವೀರ್ಯಾಣು ಸೇರಿಸಿ ನೋಡಿದರು. ಅಂಡಾಣು ಬಿಡುಗಡೆಯಾಗುವುದಕ್ಕೆ ಹಲವು ಗಂಟೆ ಮೊದಲೇ ಸೇರಿಸಿದರೆ ಫಲಿಸಿತು. ಬಿಡುಗಡೆಯಾದ ಮೇಲೆ ಸೇರಿಸಿದರೆ ಫಲಿಸಲಿಲ್ಲ. ಅಂದರೆ ವೀರ್ಯಾಣು ಹೆಣ್ಣಿನ ದೇಹದೊಳಗೆ ಕೆಲವು ಗಂಟೆ ಕಳೆದ ಮೇಲೆಯೇ ಅಂಡಾಣುವನ್ನು ಹೊಗುವ ಶಕ್ತಿ ಪಡೆಯುತ್ತದೆ. ಮೊಲದಲ್ಲಿ ಇದಕ್ಕೆ ಸುಮಾರು 6 ಗಂಟೆ ಬೇಕು. ಇದು 1951ರ ಮಾತು. ಅದೇ ವರ್ಷ ಆಸ್ಟ್ರೇಲಿಯಾದಲ್ಲಿ ಕಾಲಿನ್ ಆಸ್ಟಿನ್ ಸ್ವತಂತ್ರವಾಗಿ ಇದನ್ನೇ ಕಂಡುಕೊಂಡರು.

ಅಂಡಾಣುವಿನ ಕಡೆಯ ಕೆಲಸವನ್ನೂ ಚಾಂಗ್ ಬಿಡಲಿಲ್ಲ. 1955ರಲ್ಲಿ ಮೊಲದ ಎಳೆ ಅಂಡಾಣುಗಳನ್ನು ಪ್ರಯೋಗಾಲಯದ ಪೋಷಕ ದ್ರವದಲ್ಲಿ ಮಾಗಿಸಿ, ಅಂಡನಾಳದಲ್ಲಿಟ್ಟು, ಅವು ಹೇಗೆ ಫಲಿಸಿ ಬೆಳೆಯುತ್ತವೆ ಎಂದು ಪರಿಶೀಲಿಸಿದರು. 1959ರಲ್ಲಿ ದೊಡ್ಡ ಗೆಲುವು ಸಿಕ್ಕಿತು. ಕಪ್ಪು ಮೊಲದ ಅಂಡಾಣುಗಳನ್ನು ದೇಹದ ಹೊರಗೆ ಕಪ್ಪು ಗಂಡಿನ ವೀರ್ಯಾಣುವಿನಿಂದ ಫಲಿಸಿ ಬಿಳಿ ಮೊಲದ ಹೊಟ್ಟೆಯಲ್ಲಿ ಬೆಳೆಸಿದರು. ಬಿಳಿ ತಾಯಿ ಕಪ್ಪು ಮರಿಗಳನ್ನು ಈದಿತು. ಯಾರೂ ಅನುಮಾನ ಪಡಲು ಜಾಗ ಉಳಿಯಲಿಲ್ಲ.

ಮುಂದಿನದೆಲ್ಲ ಈ ಬುನಾದಿಯ ಮೇಲೆ ಎದ್ದದ್ದು. 1978ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದಳು. 1981ರಲ್ಲಿ ಅಮೆರಿಕದಲ್ಲಿ ಮೊದಲ ಪ್ರನಾಳ ಕರು ಹುಟ್ಟಿತು. 1990ರಲ್ಲಿ ನಮ್ಮ ದೇಶದ ಕರ್ನಾಲ್‌ನಲ್ಲಿ ಜಗತ್ತಿನ ಮೊದಲ ಪ್ರನಾಳ ಎಮ್ಮೆ ಕರು ಹುಟ್ಟಿತು. ಅದಕ್ಕೆ ಪ್ರಥಮ್ ಎಂದು ಹೆಸರಿಟ್ಟರು. ಮಕ್ಕಳಾಗದಂತೆ ತಡೆಯುವ ಮಾತ್ರೆಗಾಗಿ ಪಿಂಕಸ್ ಜೊತೆ ಮೊಲಗಳ ಮೇಲೆ ಹಾರ್ಮೋನು ಪರೀಕ್ಷೆ ನಡೆಸಿದವರೂ ಇದೇ ಚಾಂಗ್. ಬೇಕಾದವರಿಗೆ ಮಕ್ಕಳು, ಬೇಡವಾದಾಗ ತಡೆ, ಎರಡರ ಹಿಂದೆಯೂ ಒಬ್ಬರೇ ಇದ್ದರು. 1990ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅವರನ್ನು ಸದಸ್ಯರನ್ನಾಗಿ ಆರಿಸಿತು. ಮರುವರ್ಷ ಜೂನ್ 5ರಂದು ತಮ್ಮ 82ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಬೆಂಗಳೂರಿನ ಆಡುಗೋಡಿಯಲ್ಲಿ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಇದೆ. ಕುರಿ ಮತ್ತು ಎಮ್ಮೆಯ ಅಂಡಾಣುಗಳ ಮೇಲೆ ಅಲ್ಲಿ ಬಹಳ ಕೆಲಸ ನಡೆದಿದೆ. ಇಂಥ ಪ್ರಯೋಗಾಲಯಗಳಲ್ಲಿ ಕಸಾಯಿಖಾನೆಯಿಂದ ಅಂಡಾಶಯಗಳನ್ನು ಬೆಚ್ಚಗಿನ ಉಪ್ಪುನೀರಿನಲ್ಲಿ ತಂದು, ಎಳೆ ಅಂಡಾಣುಗಳನ್ನು ಸೂಜಿಯಿಂದ ಹೀರಿ ತೆಗೆಯುತ್ತಾರೆ. ಅಮೈನೋ ಆಮ್ಲ, ವಿಟಮಿನ್, ಗ್ಲೂಕೋಸ್, ಲವಣ ಇರುವ ದ್ರವಕ್ಕೆ ರಕ್ತದ ಸೀರಮ್ ಮತ್ತು ಹಾರ್ಮೋನು ಬೆರೆಸಿ, ಕುರಿಯ ಮೈಶಾಖದಷ್ಟೇ, ಅಂದರೆ ಸುಮಾರು 38.5 ಡಿಗ್ರಿಯಲ್ಲಿ ಒಂದು ದಿನ ಇಡುತ್ತಾರೆ. ಅಷ್ಟರಲ್ಲಿ ಅಂಡಾಣು ಮಾಗುತ್ತದೆ. ದ್ರವದಲ್ಲಿ ಪೋಷಕಾಂಶ ಸರಿಯಿದ್ದರೆ ಹೆಚ್ಚು ಅಂಡಾಣುಗಳು ಭ್ರೂಣವಾಗುತ್ತವೆ. ಅಮೋನಿಯದಂಥದ್ದು ಮಿತಿ ಮೀರಿದರೆ ಅಂಡಾಣು ಸೊರಗುತ್ತದೆ.

ಇದನ್ನು ಓದಿದಾಗ ನಮ್ಮ ಹಿಂಡು ಕಣ್ಣ ಮುಂದೆ ಬಂತು. ಬಟ್ಟಲಿನಲ್ಲಿರುವ ಅಂಡಾಣುವಿಗೆ ಆಹಾರ ಬೇಕಾದರೆ ಕುರಿಯ ಹೊಟ್ಟೆಯಲ್ಲಿರುವುದಕ್ಕೆ ಬೇಡವೇ? ಬರಗಾಲದಲ್ಲಿ ಒಣ ಹುಲ್ಲು, ಕೂಳೆ ತಿಂದು ಬಡವಾದ ಕುರಿಯಲ್ಲಿ ಅಂಡಾಣು ಬಲಿಯುವುದು, ಬಿಡುಗಡೆಯಾಗುವುದು ಕಡಿಮೆ. ಜೊತೆಗೆ ನಮ್ಮ ಭಾಗದ ಬಿಸಿಲು ಬೇರೆ. ಟಗರನ್ನು ಮಾರಿದ ಮುತ್ಯಾ ಈ ಉತ್ತರ ಕೇಳಲು ಈಗ ಇಲ್ಲ.

ಅಪ್ಪನಿಗೆ ಹೇಳಿದೆ. ಪಶು ವೈದ್ಯರನ್ನೂ ಕೇಳಿದೆವು. ಟಗರು ಬಿಡುವುದಕ್ಕೆ ಎರಡು ಮೂರು ವಾರ ಮೊದಲಿನಿಂದ ಪ್ರತಿ ಕುರಿಗೆ ದಿನಕ್ಕೆ ಕಾಲು ಕಿಲೋದಷ್ಟು ಕಾಳಿನ ನುಚ್ಚು ಅಥವಾ ಪಶು ಆಹಾರ, ತೊಗರಿ ಹೊಟ್ಟು, ಖನಿಜ ಮಿಶ್ರಣ ಕೊಡಬೇಕೆಂದರು. ಮೂರು ವರ್ಷದಿಂದ ಅಪ್ಪ ಹಾಗೇ ಮಾಡುತ್ತಿದ್ದಾರೆ. ಬರಡು ಉಳಿಯುವ ಕುರಿ ಕಡಿಮೆಯಾಗಿವೆ ಎಂಬುದು ಅವರ ಲೆಕ್ಕ. ನಡುವೆ ಮಳೆ ಚೆನ್ನಾಗಿ ಆದದ್ದೂ ಕಾರಣ ಇರಬಹುದು. ಒಂದು ಹಿಂಡಿನಿಂದ ತೀರ್ಮಾನ ಹೇಳಬಾರದು ಎಂಬುದನ್ನು ಚಾಂಗ್ ಅವರ ಬದುಕೇ ಕಲಿಸುತ್ತದೆ.

ನಮ್ಮ ಶಾಲೆಯ ಮಕ್ಕಳಲ್ಲಿ ನನ್ನದೊಂದು ವಿನಂತಿ. ಯಾದಗಿರಿ, ಶಹಾಪುರ, ಸುರಪುರದ ಹಟ್ಟಿಗಳಲ್ಲಿ ಇಂಥ ಪ್ರಶ್ನೆಗಳು ಬೇಕಾದಷ್ಟಿವೆ. ಕುರಿ ಕಾಯುವ ಮನೆಯವರು ಎಂದು ಸಂಕೋಚಪಡಬೇಡಿ. ನಾನು ತರಗತಿಯಲ್ಲಿ ಆ ಪ್ರಶ್ನೆ ಕೇಳಲು ನಾಚಿಕೊಂಡೆ, ಉತ್ತರ ಸಿಗಲು ಇಪ್ಪತ್ತು ವರ್ಷ ಹಿಡಿಯಿತು. ನೀವು ಕೇಳಿಬಿಡಿ.

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು